ಕಾರಿನ ಗ್ಲಾಸು, ಬೀಗ, ಸೀಟು ಬಿಗಿಯಾದಾಗ: ಡ್ರೈ ಲೂಬ್ರಿಕೆಂಟ್ ಬಳಸುವ ಸಮಗ್ರ ಮಾರ್ಗದರ್ಶಿ

ಹೋದ ಜುಲೈ ತಿಂಗಳ ಒಂದು ಸಂಜೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಎರಡು ಮಾತಾಡಲು ಕಾರಿನ ಗ್ಲಾಸು ಇಳಿಸಿದೆ. ಮಾತು ಮುಗಿಯಿತು, ಸ್ವಿಚ್ ಎತ್ತಿದೆ. ಗ್ಲಾಸು ಮುಕ್ಕಾಲು ಭಾಗ ಮೇಲೆ ಬಂತು, ನಿಂತಿತು, ಮತ್ತೆ ತಾನಾಗಿಯೇ ಕೆಳಗೆ ಇಳಿಯಿತು. ಮತ್ತೆ ಎತ್ತಿದೆ. ಮತ್ತೆ ಇಳಿಯಿತು. ಹೊರಗೆ ಧೋ ಅಂತ ಮಳೆ. ನನ್ನ ತೋಳು, ಸೀಟು, ಬಾಗಿಲಿನ ಸ್ವಿಚ್ಚುಗಳು ಎಲ್ಲವೂ ನೆನೆದವು. ಕೊನೆಗೆ ನಾನು ಗ್ಲಾಸನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಮೇಲಕ್ಕೆ ತಳ್ಳಿದೆ, ಪಕ್ಕದಿಂದ ಹೆಂಡತಿ ಸ್ವಿಚ್ ಎಳೆದು ಹಿಡಿದಳು. ಆಗ ಮುಚ್ಚಿತು.

ಮೋಟಾರ್ ಹೋಯಿತು ಅಂದುಕೊಂಡೇ ಮರುದಿನ ಗ್ಯಾರೇಜಿಗೆ ಹೋದೆ. ಕಲ್ಯಾಣ್-ಶೀಲ್ ರಸ್ತೆಯ ಹತ್ತಿರ ಹುಬ್ಬಳ್ಳಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಗ್ಲಾಸು ಇಳಿಸಿ, ಅದು ಓಡಾಡುವ ರಬ್ಬರ್ ಚಾನೆಲ್ಲಿನೊಳಗೆ ಬೆರಳು ಹಾಕಿ ಎಳೆದು ನನಗೆ ತೋರಿಸಿದರು. ಕಾಡಿಗೆ ಡಬ್ಬಿಯಲ್ಲಿ ಅದ್ದಿದ ಹಾಗೆ ಬೆರಳೆಲ್ಲ ಕಪ್ಪು. ಆ ಕಪ್ಪಿನಲ್ಲಿ ಕೆಂಪು ಮಣ್ಣಿನ ಸಣ್ಣ ಸಣ್ಣ ಕಣ. ಮೂಗಿನ ಹತ್ತಿರ ಹಿಡಿದರೆ ಹಳೇ ಕೊಬ್ಬರಿ ಎಣ್ಣೆಯ ಕಮಟು ವಾಸನೆ.

ಎಣ್ಣೆ ಹಾಕಿದ್ದು ನಾನೇ. ಮೇ ತಿಂಗಳಲ್ಲಿ ಕುಂದಾಪುರಕ್ಕೆ ಹೋಗಿದ್ದಾಗ ಗ್ಲಾಸು ಕಿರ್ ಅನ್ನುತ್ತಿತ್ತು. ಮನೆ ಬಾಗಿಲಿನ ಕೀಲಿಗೆ ಹಾಕುವ ಹಾಗೆ ನಾಲ್ಕೂ ಗ್ಲಾಸಿನ ರಬ್ಬರಿಗೆ ಎಣ್ಣೆ ಸವರಿದ್ದೆ. ವಾಪಸು ಬರುವಾಗ ಕೊಂಕಣದ ಹೈವೇ ಕೆಲಸದ ಕೆಂಪು ಧೂಳು ಪೂರ್ತಿ ಅದಕ್ಕೆ ಅಂಟಿಕೊಂಡಿತ್ತು.

"ಸರ್, ಎಣ್ಣಿ ಹಾಕಬ್ಯಾಡ್ರಿ. ಮೊದ್ಲ ಹೊಲಸು ತಗೀರಿ, ಆಮ್ಯಾಲ ಸ್ಪ್ರೇ ಮಾತು," ಅಂದರು ಅವರು. ಇಷ್ಟು ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ವಾಹನದಲ್ಲಿ ಬಿಗಿಯಾಗುವ ಎಷ್ಟೋ ಭಾಗಗಳು ಕೆಟ್ಟಿರುವುದಿಲ್ಲ. ಕೊಳೆ ತುಂಬಿರುತ್ತದೆ ಅಷ್ಟೆ.

ಒಣ ಲೂಬ್ರಿಕೆಂಟ್ ಅಂದರೆ ಏನು?

ಕೇರಂ ಬೋರ್ಡು ನೆನಪಿಸಿಕೊಳ್ಳಿ. ಪಾನು ಜಾರಲಿ ಎಂದು ಯಾರೂ ಬೋರ್ಡಿಗೆ ಎಣ್ಣೆ ಹಚ್ಚುವುದಿಲ್ಲ, ಪೌಡರ್ ಉದುರಿಸುತ್ತೇವೆ. ಒಣ ಲೂಬ್ರಿಕೆಂಟ್ ಮಾಡುವ ಕೆಲಸವೂ ಅದೇ. ಜಾರಿಸುವ ವಸ್ತು ಇಲ್ಲಿ ದ್ರವ ಅಲ್ಲ, ಘನ ಪುಡಿ. ಸ್ಪ್ರೇ ಮಾಡುವಾಗ ಒದ್ದೆ ಕಾಣುವುದು ಆ ಪುಡಿಯನ್ನು ಹೊತ್ತು ತರುವ ದ್ರಾವಕ ಮಾತ್ರ. ಕೆಲವು ನಿಮಿಷದಲ್ಲಿ ಅದು ಹಾರಿಹೋಗುತ್ತದೆ, ತೆಳ್ಳಗಿನ ಒಣ ಪದರ ಉಳಿಯುತ್ತದೆ. ಧೂಳು ಬಂದು ಕೂತರೂ ಅದಕ್ಕೆ ಅಂಟಲು ಜಿಡ್ಡು ಇರುವುದಿಲ್ಲ.

ಕೊಬ್ಬರಿ ಎಣ್ಣೆ ಇದಕ್ಕೆ ಪೂರ್ತಿ ಉಲ್ಟಾ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಎಸಿ ಓಡುವ ಕಾರಿನಲ್ಲಿ ಅದೇನೂ ದೊಡ್ಡ ಚಳಿ ಅಲ್ಲ. ಹಳತಾದಂತೆ ಗೋಂದಿನ ಹಾಗೆ ಅಂಟುತ್ತದೆ. ಎಂಜಿನ್ ಆಯಿಲ್, ಗ್ರೀಸು ತಾಗಿದರೆ ಬಾಗಿಲಿನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅದು ಇನ್ನೊಂದು ಹಾನಿ.

ಅಂಗಡಿಯಲ್ಲಿ ನಿಮಗೆ ಸಿಗುವುದು ಮುಖ್ಯವಾಗಿ ಮೂರು ನಾಲ್ಕು ಬಗೆ. ಪಿಟಿಎಫ್‌ಇ ಅಂದರೆ ನಮ್ಮ ದೋಸೆ ತವಾದ ನಾನ್‌ಸ್ಟಿಕ್ ಪದರದ ವಸ್ತು, ಟೆಫ್ಲಾನ್ ಅಂತ ಎಲ್ಲರಿಗೂ ಗೊತ್ತು. 1938ರಲ್ಲಿ ಅಮೆರಿಕದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಗೆ ಫ್ರಿಜ್ಜಿನ ಗ್ಯಾಸಿನ ಪ್ರಯೋಗ ಮಾಡುವಾಗ ಆಕಸ್ಮಿಕವಾಗಿ ಸಿಕ್ಕಿದ್ದು. ಪ್ಲಾಸ್ಟಿಕ್, ಲೋಹ, ರಬ್ಬರ್ ಮೂರಕ್ಕೂ ಆಗುತ್ತದೆ. ಒಂದೇ ಡಬ್ಬಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಗ್ರಾಫೈಟ್ ಪುಡಿ ಬೀಗಗಳಿಗೆ. ಇದರ ಒಳರಚನೆ ಇಸ್ಪೀಟ್ ಎಲೆಗಳ ಕಟ್ಟಿನ ಹಾಗೆ, ಪದರಗಳು ಒಂದರ ಮೇಲೊಂದು ಜಾರುತ್ತವೆ. ಹಾಗೆ ಜಾರಲು ಗಾಳಿಯಲ್ಲಿ ತೇವ ಬೇಕು ಎನ್ನುವುದು ಇದರ ವಿಶೇಷ. ಎರಡನೇ ಮಹಾಯುದ್ಧದ ಹೊತ್ತಿಗೆ ಬಹಳ ಎತ್ತರದಲ್ಲಿ ಹಾರುವ ವಿಮಾನಗಳಲ್ಲಿ ಜನರೇಟರಿನ ಕಾರ್ಬನ್ ಬ್ರಷ್‌ಗಳು ಸರ್ರನೆ ಸವೆದು ಹೋಗುತ್ತಿದ್ದವು. ಅಲ್ಲಿನ ಒಣ ಗಾಳಿಯೇ ಕಾರಣ ಎಂದು ಆಮೇಲೆ ತಿಳಿಯಿತು. ಮುಂಬಯಿಯಲ್ಲಿ ತೇವಕ್ಕೆ ಬರ ಇಲ್ಲ, ಹಾಗಾಗಿ ಗ್ರಾಫೈಟ್ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಮಾಲಿಬ್ಡಿನಮ್ ಡೈಸಲ್ಫೈಡ್ ಕೂಡ ಪದರದ ಪುಡಿಯೇ. ಭಾರ ಜಾಸ್ತಿ ಬೀಳುವ ಲೋಹದ ಭಾಗಗಳಿಗೆ. ಮನೆಯಲ್ಲಿ ನಾವು ಮಾಡುವ ಕೆಲಸಕ್ಕೆ ಬೇಕಾಗುವುದು ಅಪರೂಪ.

ಇನ್ನು ಸಿಲಿಕೋನ್ ಸ್ಪ್ರೇ. ನಿಜ ಹೇಳಬೇಕೆಂದರೆ ಇದು ಪೂರ್ತಿ ಒಣ ಅಲ್ಲ, ಮುಟ್ಟಿದರೆ ನವಿರು ಜಾರು ಇರುತ್ತದೆ. ಆದರೆ ರಬ್ಬರಿಗೆ ಹಾನಿ ಮಾಡುವುದಿಲ್ಲ. ಬಾಗಿಲು, ಡಿಕ್ಕಿಗಳ ಬೀಡಿಂಗಿಗೆ, ಅಂದರೆ ಅಂಚಿನ ರಬ್ಬರ್ ಪಟ್ಟಿಗೆ, ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಡಬ್ಬಿಯ ಬಗ್ಗೆ ಒಂದು ಮಾತು. ಅದು 1953ರಲ್ಲಿ ನೀರನ್ನು ಹೊರದೂಡಲು, ತುಕ್ಕು ತಡೆಯಲು ಮಾಡಿದ್ದು. 40ನೇ ಪ್ರಯತ್ನದಲ್ಲಿ ಸರಿಬಂತು ಎಂದು ಆ ಹೆಸರು. ತುಕ್ಕು ಹಿಡಿದ ನಟ್ಟು ಬಿಡಿಸಲು ಬಹಳ ಒಳ್ಳೆಯದು, ಆದರೆ ಆ ಮಾಮೂಲಿ ಡಬ್ಬಿ ಡ್ರೈ ಲೂಬ್ರಿಕೆಂಟ್ ಅಲ್ಲ. ಅದೇ ಹೆಸರಿನಲ್ಲಿ ಪಿಟಿಎಫ್‌ಇ ಇರುವ ಬೇರೆ ಡಬ್ಬಿಯೂ ಬರುತ್ತದೆ. ಕೊಳ್ಳುವಾಗ ಮೇಲೆ 'ಡ್ರೈ' ಅಂತ ಬರೆದಿದೆಯೇ ನೋಡಿಕೊಳ್ಳಿ. ಮುಂಬಯಿಯಲ್ಲಾದರೆ ಕುರ್ಲಾದ ಸಿಎಸ್‌ಟಿ ರೋಡು, ಒಪೆರಾ ಹೌಸ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ಪವರ್ ವಿಂಡೋ: ಹಂತ ಹಂತವಾಗಿ

ಗ್ಲಾಸು ತಾನಾಗಿಯೇ ಏಕೆ ಇಳಿಯಿತು? ಒಂದೇ ಸಲ ಒತ್ತಿದರೆ ಪೂರ್ತಿ ಮೇಲೇರುವ ಗ್ಲಾಸುಗಳಲ್ಲಿ, ಮಗುವಿನ ಕೈ ಸಿಕ್ಕಿಕೊಳ್ಳಬಾರದೆಂದು ಒಂದು ರಕ್ಷಣೆ ಇರುತ್ತದೆ. ಮೇಲೇರುವಾಗ ಮೋಟಾರಿಗೆ ಭಾರ ಜಾಸ್ತಿ ಬಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು ಗ್ಲಾಸನ್ನು ಇಳಿಸಿಬಿಡುತ್ತದೆ. ಕೊಳೆ ತುಂಬಿದ ಚಾನೆಲ್ಲೂ ಅದಕ್ಕೆ ಕೈಯ ಹಾಗೆಯೇ ಕಾಣುತ್ತದೆ.

ಹಂತ 1. ಮೊದಲು ರೋಗ ಯಾವುದು ನೋಡಿ. ಎಂಜಿನ್ ಚಾಲೂ ಇಟ್ಟು ನಾಲ್ಕೂ ಗ್ಲಾಸುಗಳನ್ನು ಒಂದೊಂದಾಗಿ ಏರಿಸಿ ಇಳಿಸಿ, ಬಾಯಲ್ಲಿ ಎಣಿಸಿ. ನಾಲ್ಕೂ ನಿಧಾನವಾದರೆ ಬ್ಯಾಟರಿ ಅಥವಾ ಚಾರ್ಜಿಂಗ್ ಕಡೆ ನೋಡಬೇಕು. ಒಂದೇ ನಿಧಾನವಾದರೆ ಆ ಬಾಗಿಲಿನದ್ದೇ ತೊಂದರೆ. ಅಂಗೈಗಳಲ್ಲಿ ಗ್ಲಾಸು ಹಿಡಿದು ಸಹಾಯ ಕೊಟ್ಟಾಗ ಸಲೀಸಾಗಿ ಏರಿದರೆ ಚಾನೆಲ್ ಬಿಗಿಯಾಗಿದೆ, ಈ ಕೆಲಸದಿಂದ ಸರಿಹೋಗುತ್ತದೆ. ಗ್ಲಾಸು ಒಂದು ಕಡೆ ವಾಲಿ ಏರುತ್ತಿದ್ದರೆ, ಬಾಗಿಲೊಳಗೆ ಕಟಕಟ ಸದ್ದು ಬರುತ್ತಿದ್ದರೆ ಗ್ಲಾಸನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಕೇಬಲ್ಲೋ ಕ್ಲಿಪ್ಪೋ ಹೋಗಿದೆ. ಅದಕ್ಕೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ. ಸ್ವಿಚ್ ಒತ್ತಿದರೆ ಸದ್ದೇ ಇಲ್ಲವಾದರೆ ಫ್ಯೂಸ್, ಸ್ವಿಚ್, ಮೋಟಾರ್ ನೋಡಿಸಿ. ನಿಂತುಹೋದ ಗ್ಲಾಸಿನ ಸ್ವಿಚ್ಚನ್ನು ಒತ್ತಿ ಹಿಡಿದುಕೊಂಡೇ ಇರಬೇಡಿ, ಮೋಟಾರ್ ಬಿಸಿಯಾಗುತ್ತದೆ.

ಹಂತ 2. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಗ್ಲಾಸು ಪೂರ್ತಿ ಇಳಿಸಿ, ಇಗ್ನಿಷನ್ ಆಫ್ ಮಾಡಿ. ಬಾಗಿಲಿನ ಒಳಭಾಗ, ಸ್ವಿಚ್ಚುಗಳ ಮೇಲೆ ಹಳೇ ಟವೆಲ್ ಹೊದಿಸಿ.

ಹಂತ 3. ಕೊಳೆ ತೆಗೆಯುವುದು. ನಿಜವಾದ ಕೆಲಸ ಇದು, ಇದಕ್ಕೆ ಅರ್ಧ ಗಂಟೆಯಾದರೂ ಕೊಡಿ. ಮಗುವಿನ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಳ್ಳಿ, ಹಳೇ ಬನಿಯನ್ ಬಟ್ಟೆಯನ್ನು ಅದಕ್ಕೆ ಒಂದೇ ಸುತ್ತು ಸುತ್ತಿ. ಒಂದು ಮಗ್ ನೀರಿಗೆ ನಾಲ್ಕು ಹನಿ ಶಾಂಪೂ ಸಾಕು. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಮುಂದಿನ ಚಾನೆಲ್ಲಿನ ಮೇಲ್ತುದಿಯಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ, ಆಮೇಲೆ ಮೇಲಿನ ಅಡ್ಡ ಚಾನೆಲ್, ಆಮೇಲೆ ಹಿಂದಿನದು. ಪ್ರತಿ ಎಳೆತಕ್ಕೂ ಬಟ್ಟೆಯ ಜಾಗ ಬದಲಿಸಿ, ಇಲ್ಲದಿದ್ದರೆ ಅದೇ ಮಣ್ಣನ್ನು ಮತ್ತೆ ಒಳಗೆ ತುಂಬಿದ ಹಾಗಾಗುತ್ತದೆ. ಎಷ್ಟೋ ಕಾರುಗಳಲ್ಲಿ ಚಾನೆಲ್ಲಿನ ಒಳಮೈಗೆ ಮಖಮಲ್ಲಿನಂಥ ನಯವಾದ ಹೊದಿಕೆ ಇರುತ್ತದೆ. ಅದನ್ನು ಬ್ರಷ್ ಹಾಕಿ ಗಸಗಸ ತಿಕ್ಕಬೇಡಿ, ಉದುರಿಹೋಗುತ್ತದೆ. ಗ್ಲಾಸು ಬಾಗಿಲೊಳಗೆ ಇಳಿಯುವ ಜಾಗದ ಎರಡು ರಬ್ಬರ್ ಪಟ್ಟಿಗಳನ್ನೂ ಮರೆಯದೆ ಒರೆಸಿ. ಮರಳು ಕೂರುವುದು ಅಲ್ಲೇ, ಗ್ಲಾಸಿನ ಮೇಲೆ ಉದ್ದುದ್ದ ಗೀರು ಬೀಳುವುದೂ ಅದರಿಂದಲೇ.

ನನ್ನ ಕಾರಿಗೆ ಮೊದಲ ಬಟ್ಟೆ ಕಪ್ಪು, ಎರಡನೆಯದು ಕಂದು, ಮೂರನೆಯದು ಮಾಸಲು ಕೆಂಪು ಬಂತು. ನಾಲ್ಕನೆಯದು ಬಿಳಿಯಾಗಿಯೇ ಹೊರಬಂದಾಗ ಸುಮ್ನೆ ಗ್ಲಾಸು ಏರಿಸಿ ನೋಡಿದೆ. ಸ್ಪ್ರೇ ಇನ್ನೂ ಮುಟ್ಟಿರಲಿಲ್ಲ, ಆಗಲೇ ತಡೆಯದೆ ಮೇಲೆ ಹೋಯಿತು!

ಹಂತ 4. ಒಣಗಿಸಿ. ಮಳೆಗಾಲದಲ್ಲಿ ಇದಕ್ಕೆ ತಾಳ್ಮೆ ಬೇಕು. ಒಣ ಬಟ್ಟೆಯಿಂದ ಒಂದು ಸುತ್ತು ಎಳೆದು, ಮಳೆ ತಾಗದ ಜಾಗದಲ್ಲಿ ಬಾಗಿಲು ತೆರೆದಿಟ್ಟು ಒಂದೆರಡು ಗಂಟೆ ಬಿಡಿ. ಕೆಳಗೆ ನೀರಿದ್ದರೆ ಒಣ ಪದರ ಹಿಡಿಯುವುದಿಲ್ಲ, ಬೇಗ ಎದ್ದುಹೋಗುತ್ತದೆ.

ಹಂತ 5. ಈಗ ಸ್ಪ್ರೇ. ಡಬ್ಬಿಯನ್ನು ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಪುಡಿ ತಳದಲ್ಲಿ ಕೂತಿರುತ್ತದೆ. ಜೊತೆಗೆ ಬಂದ ಕೆಂಪು ನಳಿಗೆ ಸಿಕ್ಕಿಸಿ. ಅದರ ತುದಿಯನ್ನು ಚಾನೆಲ್ಲಿನೊಳಗೆ ಇಟ್ಟು, ಚುಟುಕಾಗಿ ಒತ್ತುತ್ತಾ ಮೇಲಿನಿಂದ ಕೆಳಗೆ ಬನ್ನಿ. ನೀರು ಹರಿದ ಹಾಗೆ ಸುರಿಯಬೇಕಾಗಿಲ್ಲ. ಕೈ ಹದ ಬರುವವರೆಗೆ ಬಟ್ಟೆಗೆ ಸ್ಪ್ರೇ ಮಾಡಿ, ಸ್ಕೇಲಿಗೆ ಸುತ್ತಿ ಸವರುವುದು ಇನ್ನೂ ಒಳ್ಳೆಯದು.

ಹಂತ 6. ಹತ್ತು ನಿಮಿಷ ಬಿಡಿ. ಆಮೇಲೆ ಗ್ಲಾಸನ್ನು ಐದಾರು ಸಲ ಏರಿಸಿ ಇಳಿಸಿ, ನಡುನಡುವೆ ಮೋಟಾರಿಗೆ ಬಿಡುವು ಕೊಡಿ. ಗ್ಲಾಸಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಒರೆಸಿಬಿಡಿ. ಒಮ್ಮೊಮ್ಮೆ ಎಲ್ಲ ಸರಿಯಾದ ಮೇಲೂ ತಾನಾಗಿ ಏರುವುದು ಮರೆತುಹೋಗಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಗ್ಲಾಸು ಪೂರ್ತಿ ಮುಚ್ಚಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಾಗೇ ಎಳೆದು ಹಿಡಿದರೆ ಮತ್ತೆ ಕಲಿತುಕೊಳ್ಳುತ್ತದೆ. ನಿಮ್ಮ ಕಾರಿನ ಕ್ರಮ ಅದರ ಪುಸ್ತಕದಲ್ಲಿ ಇರುತ್ತದೆ.

ಒಂದು ಗ್ಲಾಸಿಗೆ ಇಷ್ಟೆಲ್ಲ ಏಕೆ ಅನ್ನಿಸಬಹುದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ನೀರಿನಲ್ಲಿ ನಿಂತ ಕಾರುಗಳೊಳಗೆ ಸಿಕ್ಕಿಹಾಕಿಕೊಂಡು ಕೆಲವರು ಜೀವ ಕಳೆದುಕೊಂಡರು. ಆಮೇಲೆ ಈ ಊರಿನಲ್ಲಿ ಎಷ್ಟೋ ಜನ ಕಾರಿನಲ್ಲಿ ಸಣ್ಣ ಸುತ್ತಿಗೆ ಇಟ್ಟುಕೊಳ್ಳುತ್ತಾರೆ. ನಾನೂ ಇಟ್ಟಿದ್ದೇನೆ. ನೀರಿನಲ್ಲಿ ಕರೆಂಟೇ ಹೋದರೆ ಯಾವ ಸ್ಪ್ರೇಯೂ ಕಾಯುವುದಿಲ್ಲ, ಸುತ್ತಿಗೆಯೇ ಬೇಕು. ಆದರೂ ಮಳೆಗಾಲಕ್ಕೆ ಮುಂಚೆ ಗ್ಲಾಸುಗಳು ಸಲೀಸಾಗಿ ಇಳಿಯುತ್ತವೆಯೇ ಎಂದು ನೋಡದೆ ನನಗೆ ಸಮಾಧಾನ ಆಗುವುದಿಲ್ಲ.

ಬಾಗಿಲಿನ ಬೀಗ

ಈಗ ಎಲ್ಲರ ಕೈಯಲ್ಲೂ ರಿಮೋಟು. ಬಾಗಿಲಿನ ಕೀ ತೂತಿಗೆ ಚಾವಿ ಹಾಕಿ ವರ್ಷಗಳೇ ಆಗಿರುತ್ತವೆ, ಅಲ್ವಾ? ರಿಮೋಟಿನ ಸೆಲ್ ಸತ್ತ ದಿನ ಅದೇ ತೂತು ಬೇಕು, ಆ ದಿನವೇ ಅದು ತಿರುಗುವುದಿಲ್ಲ. ಸಮುದ್ರದ ಉಪ್ಪು ಗಾಳಿ, ಮಳೆ ನೀರು, ಧೂಳು ಸೇರಿ ಒಳಗಿನ ಸಣ್ಣ ಹಿತ್ತಾಳೆ ತುಂಡುಗಳನ್ನು ಕಚ್ಚಿ ಹಿಡಿದಿರುತ್ತವೆ.

ತೂತಿನ ಸಣ್ಣ ಮುಚ್ಚಳವನ್ನು ಚಾವಿ ತುದಿಯಿಂದ ಒತ್ತಿ, ಪಂಪಿನ ಗಾಳಿ ಊದಿ ಧೂಳು ತೆಗೆಯಿರಿ. ಗ್ರಾಫೈಟ್ ಪುಡಿಯ ಬಾಟಲಿಯನ್ನು ಒಮ್ಮೆ ಮೆಲ್ಲಗೆ ಹಿಸುಕಿ. ಒಂದೇ ಉಸಿರಿನಷ್ಟು ಪುಡಿ ಸಾಕು, ಜಾಸ್ತಿಯಾದರೆ ಒಳಗೇ ಗಡ್ಡೆ ಕಟ್ಟುತ್ತದೆ. ಚಾವಿಯನ್ನು ಹತ್ತು ಸಲ ಹಾಕಿ ತೆಗೆಯಿರಿ, ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ. ಆಮೇಲೆ ಮೆಲ್ಲಗೆ ಎರಡೂ ಕಡೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ. ಚಾವಿ ಮುರಿದು ಅರ್ಧ ಒಳಗೆ ಉಳಿದರೆ ಚಾವಿವಾಲಾನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಗ್ರಾಫೈಟ್ ಬಾಟಲಿ ಸಿಗದಿದ್ದರೆ 6ಬಿ ಪೆನ್ಸಿಲ್ ತನ್ನಿ, ಚಿತ್ರ ಬಿಡಿಸುವ ಮಕ್ಕಳ ಹತ್ತಿರ ಇರುತ್ತದೆ. ಚಾವಿಯ ಹಲ್ಲು, ತೋಡುಗಳ ಮೇಲೆ ಕಪ್ಪಾಗುವ ತನಕ ಉಜ್ಜಿ, ಹಾಕಿ ತೆಗೆಯಿರಿ. ಮಾಮೂಲಿ ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಮಣ್ಣಿನ ಪಾಲು ಜಾಸ್ತಿ, ಅಷ್ಟು ಚೆನ್ನಾಗಿರುವುದಿಲ್ಲ.

ಹಿಂದೆ ಯಾರಾದರೂ ಆ ಬೀಗಕ್ಕೆ ಎಣ್ಣೆ ಬಿಟ್ಟಿದ್ದರೆ ಗ್ರಾಫೈಟ್ ಹಾಕಲೇಬೇಡಿ. ಎರಡೂ ಸೇರಿ ಕಪ್ಪು ಅಂಟಾಗುತ್ತದೆ. ಅಂಥ ಬೀಗಕ್ಕೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ (ಜಿಡ್ಡು ಕರಗಿಸಿ ತಾನೇ ಹಾರಿಹೋಗುವ ಸ್ಪ್ರೇ) ಹೊಡೆದು, ಚಾವಿ ಹಾಕಿ ತೆಗೆದು ಒರೆಸಿ, ಒಣಗಿದ ಮೇಲೆ ಪಿಟಿಎಫ್‌ಇ ಹಾಕಿ. ಇಗ್ನಿಷನ್ನಿನ ಬೀಗಕ್ಕೂ ಗ್ರಾಫೈಟ್ ಬೇಡ. ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ, ಬೀಗದ ಹಿಂದೆಯೇ ವಯರಿಂಗ್ ಇರುತ್ತದೆ. ಚಾವಿಗೇ ಚೂರು ಪಿಟಿಎಫ್‌ಇ ಹೊಡೆದು, ಒಣಗಿಸಿ, ಹಾಕಿ ತೆಗೆದರೆ ಸಾಕು.

ಸೀಟಿನ ಹಳಿ

ಸೀಟು ಹಿಂದೆ ಮುಂದೆ ಸರಿಯದಿದ್ದರೆ ಟಾರ್ಚ್ ಹಾಕಿ ಕೆಳಗೆ ನೋಡಿ. ಬಿಸ್ಕತ್ತಿನ ಪುಡಿ, ಜುಹೂ ಅಥವಾ ಅಲಿಬಾಗ್ ಮರಳು, ಒಂದು ರೂಪಾಯಿ ನಾಣ್ಯ, ಕೂದಲು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಹಳಿಯ ಮುಂದಿನ ಅರ್ಧವನ್ನು ವ್ಯಾಕ್ಯೂಮ್ ಮಾಡಿ, ಆಮೇಲೆ ಮುಂದಕ್ಕೆ ಎಳೆದು ಹಿಂದಿನ ಅರ್ಧ. ಗಟ್ಟಿಯಾದ ಹಳೇ ಗ್ರೀಸನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಎಬ್ಬಿಸಿ ಬಟ್ಟೆಯಲ್ಲಿ ತೆಗೆಯಿರಿ. ನಂತರ ಎರಡೂ ಹಳಿಗೆ ತೆಳುವಾಗಿ ಪಿಟಿಎಫ್‌ಇ. ಕೆಳಗೆ ಕಾರ್ಪೆಟ್ಟಿಗೆ ಪೇಪರ್ ಹಾಸಿರಿ.

ಅಲ್ಲೇ ಸೀಟಿನಡಿ ಹಳದಿ ಬಣ್ಣದ ಕನೆಕ್ಟರ್ ಕಾಣಿಸಬಹುದು. ಹಳದಿ ಅಂದರೆ ಏರ್‌ಬ್ಯಾಗಿನ ವಯರಿಂಗ್. ಅದನ್ನು ಎಳೆಯಬೇಡಿ, ಬಿಚ್ಚಬೇಡಿ, ಅದರ ಮೇಲೆ ಸ್ಪ್ರೇ ಬೀಳದ ಹಾಗೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಸೀಟು ಎರಡೂ ಕಡೆ ಲಾಕ್ ಆಗುತ್ತಿದೆಯೇ, ಕೂತು ಅಲ್ಲಾಡಿಸಿ ಪರೀಕ್ಷಿಸಿ.

ಬಾಕಿ ಸಣ್ಣಪುಟ್ಟವು

ಬಿಸಿಲಲ್ಲಿ ನಿಂತ ಕಾರಿನ ಬಾಗಿಲು, ಡಿಕ್ಕಿ ರಬ್ಬರಿಗೆ ಅಂಟಿ ಚರ್ರನೆ ಬಿಟ್ಟುಕೊಳ್ಳುತ್ತದೆಯೇ? ಒರೆಸಿ, ಬಟ್ಟೆಗೆ ಸಿಲಿಕೋನ್ ಹಾಕಿ ಸವರಿ. ಎಸಿ ಗಾಳಿಯ ಕಿಂಡಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಪೆಟ್ರೋಲ್ ಮುಚ್ಚಳದ ಕೊಂಡಿ, ಇವಕ್ಕೆ ಪಿಟಿಎಫ್‌ಇ ಒಂದು ಚುಟುಕು. ಬಾಗಿಲಿನ ಕೀಲು ಮತ್ತು ಬಾಗಿಲು ಹಿಡಿದು ನಿಲ್ಲಿಸುವ ಪಟ್ಟಿಗೆ ಮಾತ್ರ ಒಣ ಸ್ಪ್ರೇ ಸಾಲುವುದಿಲ್ಲ. ಅಲ್ಲಿ ಭಾರ ಜಾಸ್ತಿ, ಬಿಳಿ ಲಿಥಿಯಂ ಗ್ರೀಸೇ ಸರಿ. ಸನ್‌ರೂಫಿಗೆ ಕಂಪನಿ ಹೇಳಿದ ಗ್ರೀಸು ಬಿಟ್ಟು ಬೇರೇನೂ ಹಾಕಬೇಡಿ.

ಸ್ಕೂಟರಿನಲ್ಲಿ ಸೀಟಿನ ಬೀಗ ಮೊದಲು ಬಿಗಿಯಾಗುತ್ತದೆ. ಬಾಗಿಲಿನ ಬೀಗದ ಕ್ರಮವೇ ಅದಕ್ಕೂ. ಸೀಟಿನಡಿಯ ಕೊಕ್ಕೆಗೂ ಒಂದು ಚುಟುಕು ಹಾಕಿ. ಬೈಕಿನ ಚೈನಿಗೆ ಡ್ರೈ ಲೂಬ್ ಬೇಸಿಗೆಯ ಧೂಳಿನಲ್ಲಿ ಚೆಂದ. ಮುಂಬಯಿ ಮಳೆಗೆ ಅದು ಬೇಗ ತೊಳೆದುಹೋಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಮೂಲಿ ಚೈನ್ ಲೂಬ್ ಹಾಕುವುದೇ ಮೇಲು.

ಎಲ್ಲಿ ಹಾಕಲೇಬಾರದು

ಬ್ರೇಕಿನ ಡಿಸ್ಕು, ಡ್ರಮ್ಮು, ಪ್ಯಾಡಿಗೆ ಒಂದು ಹನಿಯೂ ತಾಗಬಾರದು. ಸ್ಕೂಟರಿನಲ್ಲಿ ಚಕ್ರದ ಹತ್ತಿರ ಸ್ಪ್ರೇ ಮಾಡುವಾಗ ಬ್ರೇಕಿಗೆ ಬಟ್ಟೆ ಮುಚ್ಚಿ. ಕಾರಿನ ಪೆಡಲಿನ ಮೇಲ್ಮೈ, ಸ್ಟೇರಿಂಗ್, ಕಾಲಡಿ ಮ್ಯಾಟ್, ಬೈಕಿನ ಸೀಟು ಇವೆಲ್ಲ ಜಾರಬಾರದ ಜಾಗಗಳು. ಮುಂದಿನ ಗ್ಲಾಸಿಗೂ ವೈಪರಿಗೂ ಸಿಲಿಕೋನ್ ತಾಗಿದರೆ ಮಳೆಯಲ್ಲಿ ಎದುರು ಗಾಡಿಯ ಲೈಟು ಹರಡಿಕೊಂಡು ರಸ್ತೆಯೇ ಕಾಣುವುದಿಲ್ಲ. ಪೇಂಟ್ ಕೆಲಸಕ್ಕೆ ಹೋಗಲಿರುವ ಕಾರಿಗೂ ಸಿಲಿಕೋನ್ ಬೇಡ, ಬಣ್ಣ ಅಲ್ಲಲ್ಲಿ ತೂತು ಬಿದ್ದ ಹಾಗೆ ಒಡೆಯುತ್ತದೆ.

ಸೀಟ್ ಬೆಲ್ಟ್ ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದರೆ ಎಷ್ಟೋ ಜನ ಅದರ ಸುರುಳಿ ಪೆಟ್ಟಿಗೆಯೊಳಗೆ ಸ್ಪ್ರೇ ಹೊಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಪಘಾತದಲ್ಲಿ ಹಿಡಿದು ನಿಲ್ಲಿಸಬೇಕಾದ ಯಂತ್ರ ಅದು. ಬೆಲ್ಟನ್ನು ಪೂರ್ತಿ ಹೊರಗೆಳೆದು ಕ್ಲಿಪ್ ಹಾಕಿಟ್ಟು, ಶಾಂಪೂ ನೀರಿನ ಬಟ್ಟೆಯಿಂದ ಒರೆಸಿ. ಭುಜದ ಹತ್ತಿರ ಬೆಲ್ಟು ಹಾದುಬರುವ ಬಳೆಯೊಳಗೆ ಕೂತ ಜಿಡ್ಡನ್ನು ತೆಗೆದು, ರಾತ್ರಿ ಒಣಗಲು ಬಿಡಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಸರ್ವೀಸ್ ಸೆಂಟರಿಗೆ.

ಇನ್ನು ನಿಮ್ಮ ಸುರಕ್ಷತೆ. ಸ್ಪ್ರೇಯೊಳಗಿನ ದ್ರಾವಕ, ಗ್ಯಾಸು ಬೆಂಕಿ ಹಿಡಿಯುವಂಥವು. ಎಂಜಿನ್ ತಣ್ಣಗಿರಲಿ, ಬಾಗಿಲುಗಳು ತೆರೆದಿರಲಿ, ಡ್ಯಾಶ್‌ಬೋರ್ಡಿನ ದೇವರ ಮುಂದೆ ಊದಿನಕಡ್ಡಿ ಉರಿಯುತ್ತಿರಬಾರದು. ಪಿಟಿಎಫ್‌ಇ ಮುಟ್ಟಿದ ಕೈಯಲ್ಲಿ ಬೀಡಿ, ಸಿಗರೇಟು ಹಿಡಿಯಬೇಡಿ. ತುದಿಯ ಕೆಂಡದ ಬಿಸಿಗೆ ಅದು ಒಡೆದು ಬರುವ ಹೊಗೆಯಿಂದ ಚಳಿಜ್ವರದಂಥ ಕಾಯಿಲೆ ಬರುತ್ತದೆ. ಸೋಪು ಹಾಕಿ ಕೈ ತೊಳೆದ ಮೇಲೆಯೇ ಊಟ, ತಿಂಡಿ.

ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ. ಊರಿನಿಂದ ಬಂದ ಮೇಲೆ ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ದೀಪಾವಳಿಗೆ ಮುಂಚೆ ಇನ್ನೊಮ್ಮೆ. ನಾಲ್ಕು ಬಾಗಿಲು, ಎರಡು ಸೀಟು, ಬೀಗ ಎಲ್ಲ ಸೇರಿ ಒಂದು ಭಾನುವಾರದ ಬೆಳಿಗ್ಗೆ ಮುಗಿಯುತ್ತದೆ. ಉಳಿದ ಡಬ್ಬಿಯನ್ನು ಕಾರಿನಲ್ಲೇ ಬಿಡಬೇಡಿ. 50 ಡಿಗ್ರಿಗಿಂತ ಜಾಸ್ತಿ ಬಿಸಿಗೆ ಒಡ್ಡಬಾರದು ಎಂದು ಇಂಥ ಡಬ್ಬಿಗಳ ಮೇಲೆ ಬರೆದಿರುತ್ತದೆ, ಮೇ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಅದು ಸುಲಭವಾಗಿ ದಾಟುತ್ತದೆ. ನನ್ನದು ಮನೆಯ ಮೀಟರ್ ಪಕ್ಕದ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಮೇಲಿನ ಹಲಗೆಯಲ್ಲಿ ಇದೆ. ಸ್ಕೇಲು, ಬನಿಯನ್ ಬಟ್ಟೆ ಕೂಡ ಅದರ ಪಕ್ಕದಲ್ಲೇ.